ಅವಲಕ್ಕಿಗೆ ಕಟ್ಟಿದ ಕೆಂಪು ಚೀಟಿ

ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯ ಹಿತ್ತಲಿಗೆ ಒಂದು ನೆಲ್ಲಿಮರವಿತ್ತು. ನಮಗಿಂತ ಮೊದಲಿದ್ದವರು ಯಾರೋ ಹಚ್ಚಿ ಹೋದದ್ದು. ಬಾಗಲಕೋಟೆ ಕಡೆಯಿಂದ ಬಂದು ಎರಡು ವರ್ಷವಾಗುವುದರೊಳಗೆ ನಾನು ಸಂತೆಯ ಮರಾಠಿ ಸುಮಾರಾಗಿ ಕಲಿತಿದ್ದೆ. ಕಾಂದಾ, ಬಟಾಟಾ, ಕೋಥಿಂಬೀರ್, ಭೇಂಡಿ, ಹೀಗೆ ದುಡ್ಡು ಕೊಟ್ಟು ತರುವ ವಸ್ತುಗಳಿಗೆಲ್ಲ ಹೆಸರು ಬರುತ್ತಿತ್ತು. ನೆಲ್ಲಿಕಾಯಿಯನ್ನು ಮಾತ್ರ ಯಾರನ್ನೂ ಕೇಳಿ ಕೊಳ್ಳುವ ಪ್ರಸಂಗ ಬರಲಿಲ್ಲ. ಹಿತ್ತಲ ಬಾಗಿಲು ತೆಗೆದರೆ ಮರ, ಸೆರಗು ಒಡ್ಡಿದರೆ ಕಾಯಿ. ಹಾಗಾಗಿ ಅದಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆಂಬುದು ನನಗೆ ಗೊತ್ತಾಗಲೇ ಇಲ್ಲ. ಒಂದು ಹೆಸರು ಗೊತ್ತಿಲ್ಲದಿದ್ದರೆ ಏನು ಮುಳುಗುತ್ತದೆ? ಆಗ ನನಗೂ ಹಾಗೆಯೇ ಅನ್ನಿಸಿತ್ತು.

ಆ ವರ್ಷ ದಸರೆ ಮುಗಿದ ಮೇಲೆ ನಮ್ಮ ಮನೆಯವರಿಗೆ ಬೆನ್ನುನೋವು ಹತ್ತಿತು. ಮೊದಲು ಎಣ್ಣೆ ತಿಕ್ಕಿದೆ, ಆಮೇಲೆ ಬಿಸಿ ನೀರಿನ ಚೀಲ ಇಟ್ಟೆ. ಒಂದು ದಿನ ಕೊಡ ಎತ್ತಲು ಬಗ್ಗಿದವರು ಹಾಗೆಯೇ ಕೂತುಬಿಟ್ಟರು. ನಾಸಿಕ್‌ನಲ್ಲಿ ಫೋಟೋ ತೆಗೆಸಿದರೆ ಬೆನ್ನಿನ ಒಂದು ಎಲುಬು ಚಪ್ಪಟೆಯಾಗಿತ್ತು. ರಕ್ತ ನೋಡಿದರು, ಸೊಂಟದ ಎಲುಬಿಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದರು. ಮಜ್ಜೆಯಲ್ಲಿರುವ ಒಂದು ಜಾತಿಯ ಜೀವಕೋಶಕ್ಕೆ ತಲೆ ಕೆಟ್ಟಿದೆ, ಅದು ಹಗಲೂ ರಾತ್ರಿ ಒಂದೇ ಥರದ ಪ್ರೋಟೀನು ಹೆರುತ್ತಿದೆ, ಆ ಪ್ರೋಟೀನಿನಿಂದ ಯಾವ ಉಪಯೋಗವೂ ಇಲ್ಲ, ಕಿಡ್ನಿಯಲ್ಲಿ ಹೋಗಿ ಕಟ್ಟಿಕೊಳ್ಳುತ್ತದೆ ಎಂದರು. ಕ್ಯಾನ್ಸರ್ ಎಂಬ ಮಾತನ್ನು ಡಾಕ್ಟರರು ಕೊನೆಗೆ ಹೇಳಿದರು. ಮನೆಯಲ್ಲಿ ನಾವಿಬ್ಬರೇ. ಮಕ್ಕಳಿಲ್ಲ. ಅಂದು ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಕಡ್ಡಿ ಮೂರು ಸಲ ಆರಿತು, ನಾಲ್ಕನೆಯದು ಹತ್ತಿತು. ಹತ್ತಿತಲ್ಲ ಎಂದುಕೊಂಡೆ.

ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ಆಗ ನಮ್ಮ ಬಾಯಲ್ಲಿ ಔರಂಗಾಬಾದ್. ಅಲ್ಲಿ ನನ್ನ ನಾದಿನಿ, ಎಂದರೆ ಇವರ ತಂಗಿ, ಇದ್ದಳು. ಅವಳ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಬದಲಿಯಾಗಿ ಬಂದು ಎಂಟು ವರ್ಷ ಅಲ್ಲಿಯೇ ನಿಂತಿದ್ದರು. ಈ ರೋಗವನ್ನೇ ನೋಡುವ ಒಬ್ಬ ಡಾಕ್ಟರಮ್ಮ ಆ ಊರಿನ ಆಸ್ಪತ್ರೆಯಲ್ಲಿದ್ದಾರೆ ಎಂದು ಅವಳೇ ಹುಡುಕಿ ಹೇಳಿದಳು. ವಾರಕ್ಕೆ ಎರಡು ಸಲದಂತೆ ಎರಡು ವಾರ ಇಂಜೆಕ್ಷನ್, ಮೂರನೆಯ ವಾರ ಬಿಡುವು. ಅದು ಒಂದು ಸುತ್ತು. ಇಂಜೆಕ್ಷನ್ನಿನ ವಾರಗಳಲ್ಲಿ ನಾದಿನಿಯ ಮನೆ, ಬಿಡುವಿನ ವಾರ ಓಝರ್. ಎರಡು ಸುತ್ತು ಆದ ಮೇಲೆ ಮತ್ತೆ ರಕ್ತ ನೋಡುವುದು, ಆ ಹಾಳು ಪ್ರೋಟೀನು ಇಳಿದಿದ್ದರೆ ಮುಂದುವರಿಸುವುದು, ಇಲ್ಲದಿದ್ದರೆ ಬೇರೆ ದಾರಿ. ಬೇರೆ ದಾರಿ ಯಾವುದು ಎಂದು ನಾನು ಕೇಳಲಿಲ್ಲ. ಡಾಕ್ಟರಮ್ಮ ರಕ್ತದ ವರದಿಯ ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಒಂದು ಕಡೆ ದೊಡ್ಡ ಗುಡ್ಡದಂತೆ ಏರಿ ಇಳಿದಿತ್ತು, ಅದು ಎಲ್ಲರಿಗೂ ಇರತಕ್ಕದ್ದು. ಇನ್ನೊಂದು ಕಡೆ ಸೂಜಿಯಂತೆ ನೆಟ್ಟಗೆ ನಿಂತ ಮೊನೆ, ಅದೇ ಆ ಹಾಳು ಪ್ರೋಟೀನು, ಇರಬಾರದ್ದು. ಆ ಮೊನೆ ಇಳಿಯಬೇಕು. ನಮ್ಮ ಬದುಕೆಲ್ಲ ಆ ಮೊನೆಗೆ ಬಂದು ನಿಂತಿತು.

ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂದು ಅವರು ಹಿಂದಿಯಲ್ಲಿ, ನಡುನಡುವೆ ಮರಾಠಿಯಲ್ಲಿ ಹೇಳಿದರು. ನನಗೆ ಕಾಲುಭಾಗ ತಲೆಗೆ ಹತ್ತಿತು. ಇವರು ಮಾತ್ರ ಕುರ್ಚಿಯ ತುದಿಗೆ ಸರಿದು ಕೇಳಿದರು. ಕಾರ್ಖಾನೆಯಲ್ಲಿ ಇವರದು ತಪಾಸಣೆಯ ಕೆಲಸ. ತಯಾರಾದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಕಟ್ಟಿ ಬದಿಗಿಡುವುದು. ಹೊರಗೆ ಬಂದು ಬೆಂಚಿನ ಮೇಲೆ ಕೂತು ನನಗೆ ತಿಳಿಸಿ ಹೇಳಿದರು.

“ನೋಡು, ನಮ್ಮ ಮೈಯಾಗಿನ ಒಂದೊಂದು ಜೀವಕೋಶನೂ ಒಂದೊಂದು ಕಾರ್ಖಾನಿ. ಅದರಾಗ ಪ್ರೋಟೀನು ತಯಾರಾಕ್ಕಾವು. ಕೆಲವು ವಾರೆ ಆಕ್ಕಾವು, ಕೆಲವು ಹಳೇವು ಆಕ್ಕಾವು. ಅಂಥಾವಕ್ಕ ಒಂದು ಚೀಟಿ ಅಂಟಿಸ್ತಾರ. ಒಂದಲ್ಲ, ಒಂದಕ್ಕೊಂದು ಸರಪಳಿಹಂಗ ನಾಕೈದು.”

“ಯಾರು ಅಂಟಿಸ್ತಾರ?”

“ಅಲ್ಲಿನೂ ನನ್ನಂಥಾವ ಯಾವನರೆ ಇರ್ತಾನ ತಗೋ. ಆ ಚೀಟಿ ಇದ್ದದ್ದು ಸೀದಾ ಗಿರಣಿಗೆ ಹೋಗತೈತಿ. ಪ್ರೋಟಿಯಾಸೋಮ್ ಅಂತ ಅದರ ಹೆಸರು. ಪೀಪಾಯಿ ಇದ್ದಂಗ ಇರತೈತಿ, ಬಾಯಿ ಸಣ್ಣದು, ಬ್ಲೇಡು ಒಳಗ. ಹೊರಗ ಇದ್ರ ಒಳ್ಳೇ ಮಾಲೂ ಕೊಯ್ಯತೈತೆಲ್ಲ, ಅದಕ್ಕ. ಬಾಯಾಗ ಚೀಟಿ ನೋಡಿ ಬಿಚ್ಚಿಕೊಂಡು, ಪ್ರೋಟೀನಿನ ಗಂಟು ಸಡಲಿಸಿ, ದಾರದ್ಹಂಗ ಒಳಗ ಎಳಕೊಂಡು ತುಂಡ ತುಂಡ ಮಾಡತೈತಿ. ಆ ತುಂಡಿನಿಂದ ಮತ್ತ ಹೊಸಾದು. ಚೀಟಿನೂ ಮತ್ತೊಮ್ಮೆ ಉಪಯೋಗ.”

“ಛಲೋ ಸಂಸಾರ ಐತಲ್ರಿ. ಏನೂ ಒಗಿಯಂಗಿಲ್ಲ.”

“ಹೂಂ. ಈಗ ಈ ಇಂಜೆಕ್ಷನ್ ಏನ ಮಾಡತೈತಿ ಅಂದ್ರ, ಆ ಬ್ಲೇಡಿಗೆ ಹೋಗಿ ಹತ್ತಿಕೋತೈತಿ. ಗಿರಣಿ ಬಂದ್. ನಮ್ಮ ಶಾಪಿನ್ಯಾಗ ಎರಡ ದಿನ ಸ್ಕ್ರ್ಯಾಪಿನ ಗಾಡಿ ಬರ್ಲಿಲ್ಲಂದ್ರ ಕಾಲಿಡಾಕ ಜಾಗ ಇರಂಗಿಲ್ಲ. ಈ ರೋಗದ ಕೋಶ ಎಲ್ಲಾರಕಿಂತ ಜಾಸ್ತಿ ಪ್ರೋಟೀನು ತಯಾರ ಮಾಡತೈತಿ, ಎಲ್ಲಾರಕಿಂತ ಜಾಸ್ತಿ ವಾರೆನೂ ಅದರದ. ಗಿರಣಿ ನಿಂತ್ರ ತನ್ನ ಕಸದಾಗ ತಾನ ಉಸಿರುಕಟ್ಟಿ ಸಾಯತೈತಿ. ಒಳ್ಳೇ ಕೋಶ ಎರಡ ಮೂರು ದಿನ ತಡಕೋತಾವು, ಅಷ್ಟರಾಗ ಔಷಧ ಬ್ಲೇಡು ಬಿಟ್ಟುಕೊಡತೈತಿ. ಅದಕ್ಕ ನಡುವ ದಿನ ಬಿಟ್ಟು ಕೊಡೂದು.”

ಇಷ್ಟನ್ನೂ ಹೇಳುವಾಗ ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ನನಗೆ ಮಾತ್ರ ಕಸ ಗುಡಿಸುವುದನ್ನು ನಿಲ್ಲಿಸಿ ರೋಗ ವಾಸಿ ಮಾಡುವುದು ವಿಚಿತ್ರವೆನಿಸಿತು. ಆದರೂ ಗಿರಣಿ ನಿಲ್ಲಲಿ ದೇವರೇ ಎಂದು ಬೇಡಿಕೊಂಡೆ.

ಮೊದಲ ಇಂಜೆಕ್ಷನ್ ದಿನ ಇವರನ್ನು ಒಳಗೆ ಮಲಗಿಸಿದ ಮೇಲೆ ಸಿಸ್ಟರ್ ನನ್ನೊಬ್ಬಳನ್ನೇ ಬಾಗಿಲ ಹತ್ತಿರ ಕರೆದರು. ಒಳ್ಳೆಯ ಹೆಂಗಸು, ಇವರ ನರ ಮೊದಲ ಸಲ ಚುಚ್ಚಿದಾಗಲೇ ಹಿಡಿದಿದ್ದರು. ಬೆರಳು ಮಡಚುತ್ತ ಹೇಳಿದರು: “ಗ್ರೀನ್ ಟೀ ನಕೋ. ವ್ಹಿಟ್ಯಾಮಿನ್ ಸಿ ಚ್ಯಾ ಗೋಳ್ಯಾ ನಕೋ. ಆವಳಾ ನಕೋ. ಔಷಧಾಚಾ ಜೋರ್ ಕಮೀ ಹೋತೋ. ಕಳಲಂ ಕಾ, ತಾಯಿ?”

ಔಷಧಿಯ ಜೋರು ಕಡಿಮೆಯಾಗುತ್ತದೆ, ಅದಕ್ಕೆ ಇವು ಬೇಡ. ಅಷ್ಟು ತಿಳಿಯಿತು. ಹಸಿರು ಚಹಾ ನಾವು ಕಂಡವರಲ್ಲ. ಗುಳಿಗೆ ಮನೆಯಲ್ಲಿಲ್ಲ. ಇನ್ನು ಆವಳಾ. ನನ್ನ ಕಿವಿಗೆ ಅದು ಅವಲಕ್ಕಿಯಾಗಿ ಬಿತ್ತು. ಅವಲಕ್ಕಿಗೆ ಇವರು ಪೋಹೇ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಈ ಊರಿಗೆ ಇನ್ನೊಂದು ಹೆಸರಿರಬಹುದು, ಒಂದೊಂದು ಕಡೆ ಒಂದೊಂದು ಮಾತು, ಎಂದುಕೊಂಡೆ. “ಹೋ, ಕಳಲಂ” ಎಂದೆ. ತಿಳಿಯಿತು ಎಂದು ಅರ್ಥ.

ಆವಳಾ ಎಂದರೆ ನೆಲ್ಲಿಕಾಯಿ.

ಆ ದಿನ ಬೆಳಿಗ್ಗೆಯೇ ನಾನೊಂದು ವ್ರತ ಹಿಡಿದಿದ್ದೆ. ಕಾರ್ತಿಕ ಮಾಸ, ನೆಲ್ಲಿಯ ಬುಡದಲ್ಲಿ ದೇವರು ಇರುತ್ತಾನೆಂದು ನಂಬುವ ತಿಂಗಳು. ನಲವತ್ತೆಂಟು ದಿನ ಬೆಳಿಗ್ಗೆ ಮಡಿಯಲ್ಲಿ ನೆಲ್ಲಿಕಾಯಿ ಜಜ್ಜಿ ರಸ ಹಿಂಡಿ, ದೇವರ ಮುಂದಿಟ್ಟು, ತೀರ್ಥದಂತೆ ಇವರಿಗೆ ಕೊಡುವುದು. ಓಝರ್‌ನಿಂದ ಒಂದು ಕೈಚೀಲದ ತುಂಬ ಕಾಯಿ ತಂದಿದ್ದೆ. ಔಷಧಿ ಡಾಕ್ಟರಮ್ಮನದು, ಅದಕ್ಕೆ ಶಕ್ತಿ ತುಂಬುವುದು ನನ್ನ ಕೆಲಸ ಎಂದುಕೊಂಡೆ. ಇವರು ಹುಳಿಗೆ ಮುಖ ಕಿವಿಚಿ ಕುಡಿಯುತ್ತಿದ್ದರು. ಬೇಡವೆನ್ನಲಿಲ್ಲ.

ಬೇಡವೆಂದದ್ದು ಅವಲಕ್ಕಿಯನ್ನು, ಅದೂ ನಾನು. ನಾದಿನಿಯ ಮನೆಯಲ್ಲಿ ದಿನಾ ಬೆಳಗಿನ ತಿಂಡಿ ಅದೇ. ಇಂಜೆಕ್ಷನ್ ಆದ ಮರುದಿನವೇ ತಟ್ಟೆ ಹಿಂದೆ ಸರಿಸಿದೆ.

“ನಿಮ್ಮಣ್ಣಗ ಅವಲಕ್ಕಿ ಕೊಡಬಾರದಂತ. ದವಾಖಾನ್ಯಾಗ ಹೇಳ್ಯಾರ.”

“ಅವಲಕ್ಕಿ ಏನ ಪಾಪ ಮಾಡೇತ್ರಿ ವೈನಿ? ಊರ ಬ್ಯಾನಿಯವರೆಲ್ಲ ಅದನ್ನ ತಿಂದು ಎದ್ದು ಕುಂದರ್ತಾರ.”

“ನನಗೇನ ಗೊತ್ತು. ಔಷಧದ ಜೋರ ಕಮ್ಮಿ ಆಕ್ಕೈತಂತ.”

“ನಾ ಮಾಡಿದ ಒಗ್ಗರಣಿ ಸೇರಂಗಿಲ್ಲ ಅನ್ರಿ, ಸುಮ್ನ ಡಾಕ್ಟರ್ ಹೆಸರ ಯಾಕ?” ಎಂದು ನಕ್ಕಳು. ಆದರೆ ಮರುದಿನದಿಂದ ಅವಳ ಮನೆಯಲ್ಲಿ ಉಪ್ಪಿಟ್ಟು. ಅವಲಕ್ಕಿಯ ಡಬ್ಬಿಯನ್ನು ಅಟ್ಟಕ್ಕೇ ಏರಿಸಿದಳು. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ನೆಲ್ಲಿ ಜಜ್ಜುತ್ತಿದ್ದರೆ, “ಇದು ಛಲೋ ಮಾಡತೀರಿ ನೋಡ್ರಿ ವೈನಿ, ನೆಲ್ಲಿ ಭಾಳ ತಂಪು” ಎನ್ನುತ್ತಿದ್ದಳು. ಅವಳಿಗೆ ಮರಾಠಿಯ ಆವಳಾ ಚೆನ್ನಾಗಿ ಗೊತ್ತಿತ್ತು. ಆದರೆ ನಾವಿಬ್ಬರೂ ಮಾತಾಡುವುದು ಕನ್ನಡ. ಸಿಸ್ಟರ್ ಹೇಳಿದ ಮಾತನ್ನು ಹೇಳಿದ ಹಾಗೆಯೇ ನಾನು ಅವಳ ಮುಂದೆ ಒಮ್ಮೆಯೂ ಆಡಲಿಲ್ಲ. ಒಮ್ಮೆ ಆಡಿದ್ದರೆ ಸಾಕಿತ್ತು.

ಎರಡನೆಯ ಸುತ್ತಿನಲ್ಲಿ ಇವರ ಪಾದಕ್ಕೆ ಜೋಮು ಹಿಡಿಯಿತು. ಅದು ಔಷಧಿಯಿಂದಲೇ ಆಗುವುದಂತೆ. ಒಂದು ದಿನ ಆಸ್ಪತ್ರೆಯ ಮೆಟ್ಟಿಲಿಳಿದು ರಿಕ್ಷಾ ಹತ್ತುವಾಗ ನೋಡಿದರೆ ಒಂದೇ ಚಪ್ಪಲಿ. ಇನ್ನೊಂದು ಮೆಟ್ಟಿಲ ಮೇಲೆ ಬಿದ್ದಿತ್ತು. “ಕಾಲಾಗ ಐತೋ ಇಲ್ಲೋ ಗೊತ್ತ ಆಗವಲ್ತು” ಎಂದರು, ನಗುತ್ತಲೇ. ರಾತ್ರಿ ಪಾದ ಉರಿಯುತ್ತದೆಂದು ತಣ್ಣೀರಿನ ಬಟ್ಟೆ ಸುತ್ತುತ್ತಿದ್ದೆ. ಔಷಧಿ ಕಾಲಿಗೆ ಇಷ್ಟು ತ್ರಾಸ ಕೊಡುತ್ತಿದ್ದರೆ ರೋಗಕ್ಕೆ ಇನ್ನೆಷ್ಟು ಕೊಡುತ್ತಿರಬೇಕು ಎಂಬ ಸಮಾಧಾನ ನನಗೆ. ಆ ಸುತ್ತಿನ ಕೊನೆಗೆ ರಕ್ತ ತೆಗೆದುಕೊಂಡರು. ಮೂರನೆಯ ಸುತ್ತಿಗೆ ಬಂದಾಗ ವರದಿ ನೋಡೋಣ ಎಂದರು.

ಬಿಡುವಿನ ವಾರ ಮುಗಿಸಿ ಹೊರಟ ದಿನ ನನ್ನ ವ್ರತಕ್ಕೆ ನಲವತ್ಮೂರನೆಯದು. ನಸುಕಿನಲ್ಲಿ ರಸ ಕೊಟ್ಟೆ. ಉಳಿದ ಐದು ದಿನಕ್ಕೂ ಹಿಂಡಿ, ದೇವರ ಮುಂದಿಟ್ಟು, ಸ್ಟೀಲಿನ ಬಾಟಲಿ ತುಂಬಿಕೊಂಡೆ. ನಾಸಿಕ್‌ಗೆ ಹೋಗಿ ಔರಂಗಾಬಾದಿನ ಬಸ್ ಹತ್ತಿದೆವು. ಕಿಟಕಿಯ ಸೀಟು ಸಿಕ್ಕಿತು, ಅದೂ ಗಾಲಿಯ ಮೇಲಿನದಲ್ಲ. ಇವರ ಬೆನ್ನಿಗೆ ಅದೊಂದು ಉಪಕಾರ. ನಿಫಾಡ್ ದಾಟುವವರೆಗೂ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆಯೇ ಬಸ್ಸು ತೆವಳಿತು. ಮೊನೆ ಇಳಿದಿದೆಯೋ ಇಲ್ಲವೋ ಎಂಬುದೊಂದನ್ನೇ ಇಬ್ಬರೂ ಯೋಚಿಸುತ್ತಿದ್ದೆವು, ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಿದ್ದೆವು.

ಯೇವಲಾದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಬುಟ್ಟಿ ಹೊತ್ತ ಒಬ್ಬ ಮುದುಕಿ ಕಿಟಕಿಯಿಂದ ಕಿಟಕಿಗೆ ಕೂಗುತ್ತ ಬಂದಳು. “ಆವಳೇ ಘ್ಯಾ, ಆವಳೇ! ಮೀಠ ಲಾವಲೇಲಾ ಆವಳಾ!”

ಮೀಠ ಎಂದರೆ ಉಪ್ಪು. ಅವಲಕ್ಕಿಗೆ ಉಪ್ಪು ಹಚ್ಚಿ ಮಾರುತ್ತಾರೆಯೇ ಎಂದು ನಾನು ಕತ್ತು ಚಾಚಿದೆ. ಅಷ್ಟರಲ್ಲಿ ಇವರು, “ಬಾಯಿ ಕಬ್ಬಿಣ ನೆಕ್ಕಿದಂಗ ಆಗೇತಿ, ಎರಡು ನೆಲ್ಲಿಕಾಯಿ ತಗೋ” ಎಂದು ಕೈ ಹೊರಗೆ ಚಾಚಿದರು. ಮುದುಕಿ ಬುಟ್ಟಿ ಎತ್ತಿ ಹಿಡಿದಳು. ನೆಲ್ಲಿಕಾಯಿ. ಉಪ್ಪು ಹಚ್ಚಿದ, ಹೋಳು ಮಾಡಿದ, ಹಸಿರು ನೆಲ್ಲಿಕಾಯಿ.

“ಹೇ ಕಾಯ್?” ಎಂದೆ. ಇದೇನು ಎಂದು ಮತ್ತೊಮ್ಮೆ ಕೇಳಿದೆ.

“ಆವಳಾ, ಬಾಈ. ಆವಳಾ ಮಾಹೀತ್ ನಾಹೀ?” ಆವಳಾ ಗೊತ್ತಿಲ್ಲವೇ ನಿನಗೆ, ಎಂದು ಮುದುಕಿ ನಕ್ಕಳು.

ಇವರು ಒಂದು ಹೋಳನ್ನು ಬಾಯಿಗೆ ಒಯ್ಯುತ್ತಿದ್ದರು. ಕೈ ಹಿಡಿದು ಕಸಿದುಕೊಂಡೆ.

“ಯಾಕ?”

“ಧೂಳಿನಾಗಿಂದು. ನಿಮಗ ಹೊರಗಿಂದು ಬ್ಯಾಡ.”

ಅದು ಸುಳ್ಳು. ಮದುವೆಯಾದ ಮೇಲೆ ಅವರಿಗೆ ಸಣ್ಣಪುಟ್ಟ ಸುಳ್ಳು ಎಷ್ಟೋ ಹೇಳಿದ್ದೇನೆ, ಆದರೆ ಅವರ ಕಣ್ಣು ತಪ್ಪಿಸಿ ಹೇಳಿದ್ದು ಅದೊಂದೇ ಸಲ.

ಬಸ್ಸು ಹೊರಟಿತು. ನಾನು ಬೆರಳು ಮಡಚಿದೆ. ನಲವತ್ಮೂರು. ಎಂಟು ಇಂಜೆಕ್ಷನ್. ಎಂಟೂ ಇಂಜೆಕ್ಷನ್ನಿನ ದಿನ ಬೆಳಿಗ್ಗೆ ಹೊಟ್ಟೆಗೆ ನೆಲ್ಲಿ. ಡಾಕ್ಟರಮ್ಮ ಮುಂಬಾಗಿಲಿಂದ ಗಿರಣಿ ಬಂದ್ ಮಾಡಿದ್ದರು, ನಾನು ದಿನಾ ಮಡಿಯುಟ್ಟು, ದೇವರ ಹೆಸರು ಹೇಳಿ, ಹಿತ್ತಲ ಬಾಗಿಲಿಂದ ಹೋಗಿ ಅದನ್ನು ಶುರು ಮಾಡಿ ಬಂದಿದ್ದೆ. ಇವರ ಪಾದ ಉರಿದದ್ದು, ಚಪ್ಪಲಿ ಕಳಚಿದ್ದು ಎಲ್ಲ ಸುಮ್ಮನೆಯೇ ಆಯಿತೇ? ಮಡಿಲಲ್ಲಿದ್ದ ಬಾಟಲಿ ಬಿಸಿಯಾದಂತೆ ಅನ್ನಿಸಿತು. ವ್ರತ ಮುರಿದರೆ ದೇವರು ಮುನಿಯುತ್ತಾನೆ, ಮುರಿಯದಿದ್ದರೆ ಇವರು ಉಳಿಯುವುದಿಲ್ಲ. ಹೀಗೆ ಎರಡು ಕಡೆಯೂ ಕಟ್ಟಿಹಾಕುವ ದೇವರನ್ನು ನಾನು ಆವರೆಗೆ ಪೂಜಿಸಿರಲಿಲ್ಲ. ಆಮೇಲೆ ಇನ್ನೊಂದು ಯೋಚನೆ ಬಂತು. ಆ ಮುದುಕಿ ಐದು ದಿನದ ನಂತರ ಕೂಗಬಹುದಿತ್ತು. ಇಂದು ಕೂಗಿದಳು. ಇದನ್ನು ಹಿಡಿದುಕೊಂಡೇ ಕೂತೆ.

ವೈಜಾಪುರದಲ್ಲಿ ಬಸ್ಸು ನಿಂತಾಗ ಇವರಿಗೆ ಕಣ್ಣು ಹತ್ತಿತ್ತು. ಕೆಳಗಿಳಿದು ಸ್ಟ್ಯಾಂಡಿನ ಹಿಂದೆ ಹೋಗಿ ಬಾಟಲಿ ಬೋರಲು ಹಾಕಿದೆ. ದೇವರ ಮುಂದಿಟ್ಟದ್ದನ್ನು ನೆಲಕ್ಕೆ ಚೆಲ್ಲಿದ್ದು ನನ್ನ ಜನ್ಮದಲ್ಲಿ ಮೊದಲು. ತಪ್ಪಾಯಿತು ಎಂದೆ, ಯಾವುದು ತಪ್ಪು ಎಂದು ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ. ತಿರುಗಿ ಬಂದು ಕೂತಾಗ ಇವರ ಕಣ್ಣು ಮುಚ್ಚಿಯೇ ಇತ್ತು.

ಡಾಕ್ಟರಮ್ಮ ವರದಿ ಬಿಚ್ಚಿದರು. ಹಳೆಯ ಗೆರೆಯ ಕಾಗದವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರು. ಓದು ಬರದವರಿಗೂ ತಿಳಿಯುವಂತಿತ್ತು. ಮೊನೆ ಅಲ್ಲಿಯೇ ನಿಂತಿತ್ತು. ಇವರು ಕಿಸೆಯಿಂದ ತಮ್ಮ ಉಕ್ಕಿನ ಅಳತೆಪಟ್ಟಿ ತೆಗೆದು ಎರಡನ್ನೂ ಅಳೆದರು, ಕಾರ್ಖಾನೆಯ ಚಾಳಿ. ಅಳೆದು ಪಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

“ಅಸರ್ ನಹೀ ದಿಖ್ ರಹಾ” ಎಂದರು ಡಾಕ್ಟರಮ್ಮ. ಪರಿಣಾಮ ಕಾಣುತ್ತಿಲ್ಲ. ಕಿಡ್ನಿಯ ಲೆಕ್ಕವೂ ತುಸು ಕೆಟ್ಟಿದೆ, ಹೆಚ್ಚು ಕಾಯಲಾಗದು. ಈ ಔಷಧಿ ನಿಮಗೆ ಒಗ್ಗಲಿಲ್ಲವೆಂದು ತಿಳಿದು ಮುಂಬಯಿಗೆ ಬರೆದುಕೊಡುತ್ತೇನೆ, ಅಲ್ಲಿ ಬೇರೆಯದನ್ನು ನೋಡುತ್ತಾರೆ, ಎಂದು ಪೆನ್ನಿನ ಮುಚ್ಚಳ ತೆಗೆದರು.

ಇವರು ತಲೆಯಾಡಿಸಿದರು. ಅಳೆದು ವಾರೆಯೆಂದು ಕಂಡ ಮೇಲೆ ವಾದ ಮಾಡುವ ಮನುಷ್ಯರಲ್ಲ ಅವರು.

ಪೆನ್ನು ಕಾಗದಕ್ಕೆ ತಾಗಿತು. ನಾನು ಸುಮ್ಮನಿದ್ದರೆ ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಒಳ್ಳೆಯ ಔಷಧಿಯೊಂದಕ್ಕೆ ಕೆಟ್ಟದ್ದೆಂಬ ಹೆಸರು ಬಂದು, ಆ ಬಾಗಿಲು ಇವರಿಗೆ ಮುಚ್ಚಿಹೋಗುತ್ತಿತ್ತು.

“ಡಾಕ್ಟರ್, ರುಕಿಯೇ” ಎಂದೆ. ಎದ್ದು ನಿಂತಿದ್ದೆ. “ಆವಳಾ ದಿಯಾ. ಮೈನೆ. ರೋಜ್.” ನೆಲ್ಲಿಕಾಯಿ ಕೊಟ್ಟೆ, ನಾನೇ, ದಿನಾ.

ಪೆನ್ನು ನಿಂತಿತು. ಇವರು ನನ್ನ ಕಡೆ ತಿರುಗಿದರು. ಹಿಂದಿ ಸಾಲದೆ ಕನ್ನಡದಲ್ಲಿಯೇ ಎಲ್ಲ ಹೇಳಿದೆ. ವ್ರತ, ಹಿತ್ತಲ ಮರ, ಸಿಸ್ಟರ್ ಸರಿಯಾಗಿಯೇ ಹೇಳಿದ್ದು, ನಾನು ಅವಲಕ್ಕಿ ಎಂದು ತಿಳಿದದ್ದು, ಯೇವಲಾದ ಮುದುಕಿ. ಇವರು ನಾನು ಹೇಳಿದ್ದನ್ನು ಒಂದೊಂದಾಗಿ ಹಿಂದಿಗೆ ತಿರುಗಿಸಿ ಹೇಳಿದರು, ಯಾರದೋ ವರದಿ ಓದುವವರಂತೆ. ನನ್ನ ಮೇಲಿನ ಆರೋಪವನ್ನು ಅವರ ಬಾಯಿಂದಲೇ ಕೇಳುವುದು ಬಹಳ ಕಷ್ಟವಿತ್ತು.

ಡಾಕ್ಟರಮ್ಮ ಬೈಯುತ್ತಾರೆಂದು ಕಾದೆ. ಎಷ್ಟು ರಸ, ಯಾವ ಹೊತ್ತಿಗೆ, ಇಂಜೆಕ್ಷನ್ನಿಗೆ ಎಷ್ಟು ತಾಸು ಮೊದಲು ಎಂದಷ್ಟೇ ಕೇಳಿ ಬರೆದುಕೊಂಡರು. ಆಮೇಲೆ ಹೇಳಿದರು: ಪ್ರಯೋಗಶಾಲೆಯಲ್ಲಿ ವಿಟಮಿನ್ ಸಿ ಈ ಔಷಧಿಯನ್ನು ಅಪ್ಪಿಕೊಂಡು ಅದರ ಹಲ್ಲು ಮೊಂಡು ಮಾಡುವುದನ್ನು ಕಂಡಿದ್ದಾರೆ. ಮನುಷ್ಯನ ಹೊಟ್ಟೆಯೊಳಗೆ ಒಂದು ಲೋಟ ನೆಲ್ಲಿರಸ ಎಷ್ಟು ಮಾಡುತ್ತದೆ, ಯಾರೂ ಖಂಡಿತ ಹೇಳಲಾರರು. ಮೊನೆ ಇಳಿಯದಿರಲು ಇದೇ ಕಾರಣವೆನ್ನಲಾರೆ, ಅಲ್ಲವೆನ್ನಲೂ ಆರೆ. ಹಾಗಿದ್ದ ಮೇಲೆ ಔಷಧಿ ಸೋತಿತೆಂದೂ ಹೇಳುವಂತಿಲ್ಲ. ನೆಲ್ಲಿ ಬಿಟ್ಟು ಇನ್ನೆರಡು ಸುತ್ತು ನೋಡೋಣ. ನಡುವೆ ಕಿಡ್ನಿ ಕೈಕೊಟ್ಟರೆ ಮುಂಬಯಿ. ಮುಂಬಯಿಗೆಂದು ಬರೆಯತೊಡಗಿದ್ದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. ಆ ಹರಿದ ಸದ್ದು ನನಗೆ ಗುಡಿಯ ಗಂಟೆಗಿಂತ ಹೆಚ್ಚಾಯಿತು.

ಹೊರಗೆ ಬೆಂಚಿನ ಮೇಲೆ ಕೂತು ಇವರು ಕೇಳಿದರು.

“ವೈಜಾಪುರದಾಗ ಏನ ಚೆಲ್ಲಿದಿ?”

“ನೀವು ಮಲಗಿದ್ರಿ.”

“ಕಣ್ಣು ಮುಚ್ಚಿದ್ದೆ.”

“ಅದನ್ನ ಚೆಲ್ಲಿದೆ.”

“ಅಲ್ಲಿಂದ ಇಲ್ಲೀತನಕಾ ಒಂದೂವರಿ ತಾಸು. ನನ್ನ ಮಗ್ಗಲಾಗ ಕುಂತಿದ್ದಿ. ನನಗ ಹೇಳಾಕ ಏನಾಗಿತ್ತು?” ಅವರ ದನಿ ಏರಿತು. ಆ ಕಡೆ ಕೂತವರು ತಿರುಗಿ ನೋಡಿದರು. “ಗಿಡಕ್ಕ ಹೇಳತಿ, ದೇವರಿಗೆ ಹೇಳತಿ. ಸಾಯಾಂವ ನಾನು, ನನಗ ಹೇಳಂಗಿಲ್ಲ!”

ಆ ಮಾತು ಅವರು ಅದಕ್ಕೂ ಮೊದಲು ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಸಿಸ್ಟರ್ ಬಂದು ಇಂಜೆಕ್ಷನ್ನಿಗೆ ಕರೆದರು. ಎದ್ದವರು ಎರಡು ಹೆಜ್ಜೆ ಹೋಗಿ ನಿಂತರು. ಪಾದಕ್ಕೆ ನೆಲ ಹತ್ತುತ್ತಿರಲಿಲ್ಲ. ಹಿಂತಿರುಗದೆ ಒಂದು ಕೈಯನ್ನು ಬದಿಗೆ ಚಾಚಿದರು. ಹೋಗಿ ಹಿಡಿದುಕೊಂಡೆ.

ಸಂಜೆ ನಾದಿನಿಗೆ ಸುದ್ದಿ ಹೇಳಿದಾಗ ಅವಳು ಲಟ್ಟಣಿಗೆ ಹಿಡಿದೇ ನಿಂತಳು. “ಆವಳಾ ಅಂದ್ರ ಅವಲಕ್ಕಿ ಅಂತ ತಿಳಕೊಂಡ್ರ್ಯಾ ವೈನಿ? ನೆಲ್ಲಿಕಾಯ್ರಿ ಅದು! ಅಯ್ಯ ಶಿವನ, ನನ್ನ ಅವಲಕ್ಕಿ ಡಬ್ಬಿ ಸುಮ್ ಸುಮ್ನ ಆರು ವಾರ ಜೇಲಿನ್ಯಾಗ ಕುಂತಿತು!” ನಗಲು ಶುರುಮಾಡಿದವಳು ಅರ್ಧಕ್ಕೆ ಅಳತೊಡಗಿದಳು. “ನಾನೂ ನೋಡಕೋತ ನಿಂತಿದ್ದೆನಲ್ರಿ. ತಂಪು ಅಂದೆನಲ್ರಿ.”

ಆಗ ಇವರು ಜಗಲಿಯಿಂದ ಒಳಗೆ ಬಂದರು. “ಸಾಕು ಬಿಡ್ರಿ ಇಬ್ಬರೂ. ಒಂದ ವರ್ಷ ನಾನೂ ಒಳ್ಳೇ ಮಾಲಿಗೆ ಕೆಂಪು ಚೀಟಿ ಕಟ್ಟಿ, ವಾರೆ ಇದ್ದದ್ದನ್ನ ಮುಂದ ಬಿಟ್ಟಿದ್ದೆ. ಎರಡೂ ಅಕ್ಕಪಕ್ಕ ಇದ್ದುವು, ನಂಬರ ಸೇಮ್ ಕಾಣತಿತ್ತು. ಮಧ್ಯಾಹ್ನ ಊಟಕ್ಕ ಕುಂತಾಗ ನೆನಪಾತು. ಓಡಿ ಹೋಗಿ ಸಾಹೇಬರಿಗೆ ಹೇಳಿದೆ. ಅವರು ಮಷಿನ್ ನಿಲ್ಲಿಸಿ ಹುಡುಕಿಸಿದರು.”

“ಬೈದ್ರ್ಯಾ?” ಎಂದಳು ತಂಗಿ.

“ಬೈದ್ರು. ಸಿಕ್ಕಿತು.” ನನ್ನ ಕಡೆ ನೋಡಿದರು. “ಈಕಿ ಅವಲಕ್ಕಿಗೆ ಚೀಟಿ ಕಟ್ಯಾಳ. ಹೋಗಿ ಹೇಳ್ಯಾಳ. ಇನ್ನ ಸಿಗೂದು ಬಿಡೂದು ಮ್ಯಾಲಿನವನ ಕೈಯಾಗ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಆರು ವಾರ ಹೇಗೆ ಕಳೆದೆವೆಂದು ಬರೆಯುವುದು ಕಷ್ಟ. ಯಾರು ಏನು ಹೇಳಿದರೂ ಎರಡು ಸಲ ಕೇಳುತ್ತಿದ್ದೆ. ಸಿಸ್ಟರ್ ಒಂದು ಗುಳಿಗೆ ಕೊಟ್ಟರೆ, ಇದು ಊಟದ ಮೊದಲೋ ಆಮೇಲೋ ಎಂದು ಕೈಸನ್ನೆ ಮಾಡಿ ತೋರಿಸಿ ಹೌದೆನ್ನಿಸಿಕೊಳ್ಳುತ್ತಿದ್ದೆ. ಹಣ್ಣನ್ನೂ ಪುಡಿಯನ್ನೂ ತರಕಾರಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಮುಟ್ಟಿ, “ಹೇ ಚಾಲೇಲ್?” ಇದು ನಡೆಯುತ್ತದೆಯೇ ಎಂದು ಕೇಳಿದೆ. ಅವರು ಬೇಸರಿಸಲಿಲ್ಲ. ನನ್ನಿಂದ ನೆಲ್ಲಿಕಾಯಿ ಎಂಬ ಮಾತನ್ನು ಕಲಿತರು. ಅವರ ಬಾಯಲ್ಲಿ ಅದು ‘ನೇಲಿಕಾಯ್’ ಆಗಿತ್ತು.

ಬಿಡುವಿನ ವಾರ ಓಝರ್‌ಗೆ ಬಂದರೆ ಹಿತ್ತಲಲ್ಲಿ ಕಾಯಿ ಉದುರಿ ಬಿದ್ದಿರುತ್ತಿತ್ತು. ಆಯ್ದು ನೆರೆಯವರಿಗೆ ಕೊಟ್ಟೆ. ಮರದ ಬುಡದಲ್ಲಿ ದೀಪ ಇಡುವುದನ್ನು ಬಿಡಲಿಲ್ಲ. ಆದರೆ ಮೊದಲಿನಂತೆ ಅದು ಮಾಡು, ಇದು ಕೊಡು ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ. ಇವತ್ತು ಇವರು ಎರಡು ರೊಟ್ಟಿ ಉಂಡರು, ಇವತ್ತು ಮೂತ್ರ ಸರಿಯಾಗಿ ಆಯಿತು, ಇವತ್ತು ಜ್ವರವಿಲ್ಲ ಎಂದು ವರದಿ ಒಪ್ಪಿಸಿ ಬರುತ್ತಿದ್ದೆ. ನಡುವೆ ಒಮ್ಮೆ ಕಾಲು ಬಾತು, ಕಿಡ್ನಿ ಹೋಯಿತೆಂದೇ ನಾಸಿಕ್‌ಗೆ ಓಡಿದೆವು. ಹೋಗಿರಲಿಲ್ಲ. ಉಪ್ಪು ಕಡಿಮೆ ಮಾಡಿರೆಂದು ಕಳಿಸಿದರು.

ಶಿವರಾತ್ರಿಯ ಹಿಂದುಮುಂದಿನ ದಿನಗಳು. ಮತ್ತೆ ಅದೇ ಕೋಣೆ, ಅದೇ ಎರಡು ಕುರ್ಚಿ. ಡಾಕ್ಟರಮ್ಮ ಹೊಸ ವರದಿಯನ್ನು ತಮ್ಮ ಕಡೆಗೇ ತಿರುಗಿಸಿ ಹಿಡಿದು ಓದಿದರು. ನಾನು ಅವರ ಕಣ್ಣನ್ನು ನೋಡುತ್ತಿದ್ದೆ. ಅದು ಒಂದು ಸಾಲಿನ ಮೇಲೆ ನಿಂತಿತು, ಹಿಂದೆ ಹೋಗಿ ಮತ್ತೆ ಅಲ್ಲಿಗೆ ಬಂತು.

“ಖಾಲೀ ಆಲಂಯ್” ಎಂದರು.

ಖಾಲಿ! ಎಲ್ಲ ಖಾಲಿಯಾಯಿತು, ರೋಗವೇ ಇಲ್ಲ! ಕೈ ಮುಗಿಯಲು ಎತ್ತಿದವಳು ಅರ್ಧಕ್ಕೇ ತಡೆದೆ. ಇನ್ನೊಮ್ಮೆ ಮೋಸ ಹೋಗಬಾರದು. ಕಣ್ಣೊರೆಸಿಕೊಳ್ಳುತ್ತಿದ್ದ ಇವರನ್ನೂ ಕೇಳಲಿಲ್ಲ, ಮೇಜಿನ ಮೇಲೆ ಬಗ್ಗಿ ಡಾಕ್ಟರಮ್ಮನನ್ನೇ ಕೇಳಿದೆ.

“ಖಾಲೀ ಮ್ಹಣಜೇ? ರಿಕಾಮಂ?” ಖಾಲೀ ಎಂದರೇನು, ಗ್ಯಾಸಿನ ಸಿಲಿಂಡರು ಬರಿದಾದ ಹಾಗೆಯೇ, ಎಂದು ಕೈ ಬೋರಲು ಮಾಡಿ ತೋರಿಸಿದೆ.

ಅವರು ವರದಿಯನ್ನು ನನ್ನ ಕಡೆಗೆ ತಿರುಗಿಸಿದರು. “ರಿಕಾಮಂ ನಾಹೀ, ತಾಯಿ.” ಗೆರೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಎಳೆದರು. “ಖಾಲೀ. ನೀಚೇ. ಅರ್ಧ್ಯಾಹೂನ್ ಕಮೀ.”

ಬರಿದಾಗಿರಲಿಲ್ಲ. ಇಳಿದಿತ್ತು. ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಇದೇ ಔಷಧಿ ಮುಂದುವರಿಯುತ್ತದೆ, ಮುಂಬಯಿ ಬೇಡ. ನಾನು ಅವರ ಬೆರಳಿದ್ದ ಜಾಗದಲ್ಲಿ ನನ್ನ ಬೆರಳಿಟ್ಟು, “ಇನ್ನೊಮ್ಮೆ ಹೇಳಿ” ಎಂದು ಕೇಳಿಕೊಂಡೆ. ಅವರು ಇನ್ನೊಮ್ಮೆ ಹೇಳಿದರು.